ಖಿನ್ನತೆಗೊಂದು ಅರ್ಜಿ

ಒಂದು ಕೋಳಿಗೆ ಕಾಲು ಎರಡೇ. ಮಂಡ್ಯದ ಗುತ್ತಲು ಬಡಾವಣೆಯ ಸಿದ್ದರಾಮುವಿನ ಮನೆಯಲ್ಲಿ ಆ ಎರಡು ಕಾಲುಗಳ ಹಂಚಿಕೆ ವರ್ಷಾನುಗಟ್ಟಲೆಯಿಂದ ಸುಸೂತ್ರವಾಗಿ ನಡೆದುಕೊಂಡು ಬಂದಿತ್ತು. ಒಂದು ಮಗಳ ತಟ್ಟೆಗೆ, ಇನ್ನೊಂದು ಯಜಮಾನನ ತಟ್ಟೆಗೆ. ಹೆಂಡತಿ ನಾಗರತ್ನ ತನಗೆ ಈಲಿ, ಗುಂಡಿಗೆಯೇ ಇಷ್ಟವೆಂದು ಮದುವೆಯಾದ ಹೊಸತರಲ್ಲೇ ಹೇಳಿಬಿಟ್ಟಿದ್ದಳು. ಹಾಗಾಗಿ ಆ ಮನೆಯಲ್ಲಿ ಭಾನುವಾರದ ಜಗಳಕ್ಕೆ ಬೇರೆ ಕಾರಣ ಹುಡುಕಬೇಕಾಗಿತ್ತು.

ಈ ಭಾನುವಾರ ಬೆಳಗ್ಗೆ ಸಿದ್ದರಾಮು ಅಡುಗೆಮನೆಗೆ ಬಂದಾಗ ನಾಗರತ್ನ ಒಂದು ಕಾಲನ್ನು ಸೌಟಿನಿಂದ ಹುಷಾರಾಗಿ ಎತ್ತಿ ಸ್ಟೀಲ್ ಡಬ್ಬಿಗೆ ಹಾಕುತ್ತಿದ್ದಳು. ಮೇಲೆ ಎರಡು ಸೌಟು ಸಾರು ಬೇರೆ.

"ಅದ್ಯಾರಿಗೆ?" ಎಂದ ಸಿದ್ದರಾಮು. ಯಾರಿಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇದು ಆರನೇ ಭಾನುವಾರ.

"ಕೆಂಪರಾಜಣ್ಣಂಗೆ. ಪಾಪ, ಅವ್ರ ಮನ್ಸು ಸರಿ ಇಲ್ಲ ಕಣ್ರಿ."

"ನನ್ ಮನ್ಸು ಸರಿ ಐತೆ ಅಂತ ನಿಂಗ್ಯಾರು ಯೋಳುದ್ರು?"

"ನಿಮ್ ಮನ್ಸಿಗೇನಾಗೈತೆ ಧಾಡಿ? ನಿಮ್ ಗೊರಕೆಗೆ ಪಕ್ಕದ್ಮನೆ ನಾಯಿ ಎದ್ದು ಕುಂತ್ಕತದೆ," ಎಂದು ನಾಗರತ್ನ ಡಬ್ಬಿಯ ಮುಚ್ಚಳ ಒತ್ತಿದಳು. "ನಿಮ್ಗೆ ಕತ್ತಿನ್ ತುಂಡು ಎತ್ತಿಟ್ಟಿವ್ನಿ. ಚೆನ್ನಾಗಿ ಬೆಂದದೆ."

ಸಿದ್ದರಾಮುವಿಗೆ ಆಗುತ್ತಿದ್ದುದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕಿ ಪ್ರಯೋಜನವಿಲ್ಲ. ಮಾಮೂಲಾಗಿ ಜನ ಪಕ್ಕದವರ ಕಾರು, ಸೈಟು, ಮಗನ ರ‍್ಯಾಂಕು ನೋಡಿ ಕರುಬುತ್ತಾರೆ. ಸಿದ್ದರಾಮು ಕರುಬುತ್ತಿದ್ದುದು ಕೆಂಪರಾಜುವಿನ ಕಾಯಿಲೆಯನ್ನು ನೋಡಿ.

ಕೆಂಪರಾಜು ಎದುರು ಮನೆಯವನು. ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆಫೀಸಿನಲ್ಲಿ ಪಕ್ಕದ ಕೌಂಟರಿನವನೂ ಹೌದು. ಬೀಜ-ಗೊಬ್ಬರ ಮಾರುವ ಸಹಕಾರ ಸಂಘವೊಂದರಲ್ಲಿ ಇಬ್ಬರೂ ಒಂದೇ ದಿನ ಗುಮಾಸ್ತರಾಗಿ ಸೇರಿದವರು. ಕೆಂಪರಾಜು ನಲವತ್ತೈದು ದಾಟಿದರೂ ಮದುವೆಯಾಗದ, ಇಸ್ತ್ರಿ ಮುರಿಯದ ಅಂಗಿಯ, ಕಡಿಮೆ ಮಾತಿನ ಮನುಷ್ಯ. ಒಂದೂವರೆ ತಿಂಗಳ ಹಿಂದೆ ಅವನು ಮ್ಯಾನೇಜರ್ ಅನಂತರಾಮು ಅವರ ಮೇಜಿನ ಮೇಲೆ ಒಂದು ಅರ್ಜಿ ಇಟ್ಟ. ‘ಆತಂಕ ಹಾಗೂ ಖಿನ್ನತೆ ಸಂಶೋಧನಾ ಕೇಂದ್ರಕ್ಕೆ ಹೋಗಬೇಕಾಗಿರುವುದರಿಂದ ಪ್ರತಿ ಬುಧವಾರ ಮಧ್ಯಾಹ್ನ ಬಿಡುವು ಕೊಡಬೇಕಾಗಿ ವಿನಂತಿ.’ ಅನಂತರಾಮು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಹೋಗಿಬನ್ನಿ ಕೆಂಪರಾಜು. ಏನೂ ಯೋಚನೆ ಮಾಡ್ಬೇಡಿ. ನಾವೆಲ್ಲ ಇದೀವಿ," ಎಂದರು. ಇಪ್ಪತ್ತು ವರ್ಷದಲ್ಲಿ ಅವರು ಯಾವ ಅರ್ಜಿಗೂ ಇಷ್ಟು ಮೆತ್ತಗೆ ಉತ್ತರ ಕೊಟ್ಟವರಲ್ಲ.

ಸಂಜೆಯೊಳಗೆ ಆಫೀಸಿಗೆಲ್ಲ ಸುದ್ದಿಯಾಯಿತು, ರಾತ್ರಿಯೊಳಗೆ ಬೀದಿಗೆಲ್ಲ. ಮಾರನೆಯ ದಿನ ಸಿದ್ದರಾಮು ಬರುವಷ್ಟರಲ್ಲಿ ಅವನ ಮೇಜು ಯೂರಿಯಾ ಚೀಲಗಳ ಪಕ್ಕಕ್ಕೆ ಹೋಗಿತ್ತು. ಆಫೀಸಿನಲ್ಲಿದ್ದ ಒಂದೇ ಒಂದು ಸರಿಯಾದ ಫ್ಯಾನಿನ ಕೆಳಗೆ ಕೆಂಪರಾಜು ಕೂತಿದ್ದ. ಮನಸ್ಸಿಗೆ ಗಾಳಿ ಬೇಕಂತೆ. ಬುಧವಾರ ಮಧ್ಯಾಹ್ನವಾದರೆ ಕೆಂಪರಾಜುವಿನ ಕೌಂಟರಿನ ಸಾಲೂ ಸಿದ್ದರಾಮುವಿನ ಕೌಂಟರಿಗೇ ಬಂತು. ಎರಡು ಸಾಲಿನ ರೈತರೂ ಒಬ್ಬನನ್ನೇ ಬೈದರು. ಮೊದಲು ಫ್ಯಾನು ಹೋಯಿತು, ಆಮೇಲೆ ಬುಧವಾರ ಹೋಯಿತು, ಕಡೆಗೆ ಕೋಳಿ ಕಾಲೂ ಹೋಯಿತು.

ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ ಉರಿಸಿದ್ದು ಇನ್ನೊಂದು. ಒಂದು ದಿನ ತಡೆಯಲಾರದೆ ಕೇಳಿದ್ದ: "ಅಲ್ಲಿ ಏನ್ಲಾ ಮಾಡ್ತಾರೆ?"

"ಮಾತಾಡ್ತೀವಿ ಕಣ್ಲಾ," ಎಂದಿದ್ದ ಕೆಂಪರಾಜು. "ಒಬ್ರು ಯೋಳ್ಬೇಕು, ಇನ್ನೊಬ್ರು ಕೇಳ್ಬೇಕು. ನಡುವೆ ಬಾಯಾಕಂಗಿಲ್ಲ. ಒಂದ್ ಗಂಟೆ."

ಒಂದು ಗಂಟೆ! ನಡುವೆ ಬಾಯಿ ಹಾಕುವ ಹಾಗಿಲ್ಲ! ಸಿದ್ದರಾಮು ತನ್ನ ಮನೆಯಲ್ಲಿ ಹದಿನೆಂಟು ವರ್ಷದಿಂದ ಒಂದು ವಾಕ್ಯವನ್ನು ಪೂರ್ತಿ ಮುಗಿಸಿದ್ದಿಲ್ಲ. ಆಫೀಸಿನಲ್ಲಿ ರೈತರು ಮುಗಿಸಲು ಬಿಡುವುದಿಲ್ಲ. ಎಂಗಿದ್ದೀಯಪ್ಪಾ ಎಂದು ಅವನನ್ನು ಕೊನೆಯ ಸಲ ಕೇಳಿದವಳು ಅವನ ತಾಯಿ. ಆಕೆ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವನಿಗೆ ಬೇಕಾಗಿದ್ದುದು ಇಷ್ಟೇ: ಯಾರಾದರೂ ಒಬ್ಬರು ಎದುರಿಗೆ ಕೂತು ಅದನ್ನು ಕೇಳಬೇಕು, ಕೇಳಿ ಉತ್ತರಕ್ಕೆ ಕಾಯಬೇಕು.

ಈ ಭಾನುವಾರ ಬೆಳಗ್ಗೆ ಬಂದ ಪೇಪರಿನೊಳಗೆ ಒಂದು ಹಳದಿ ಚೀಟಿ ಇತ್ತು. ‘ಮನಸ್ಸು ಭಾರವೇ? ಆತಂಕ, ಖಿನ್ನತೆಗೆ ಮಾತಿನ ಚಿಕಿತ್ಸೆ: ಸಂಶೋಧನೆಯಲ್ಲಿ ಭಾಗವಹಿಸಲು ಬನ್ನಿ. ಈ ಭಾನುವಾರ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ತಪಾಸಣಾ ಶಿಬಿರ. ಆಧಾರ್ ಕಾರ್ಡ್ ತನ್ನಿ.’ ಸಿದ್ದರಾಮು ಅದನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ. ಕತ್ತಿನ ತುಂಡು ಮುಟ್ಟದೆ, ಸಂಘದಲ್ಲಿ ದಾಸ್ತಾನು ಎಣಿಸುವ ಕೆಲಸವಿದೆ ಎಂದು ಹೆಂಡತಿಗೆ ಸುಳ್ಳು ಹೇಳಿ ಹೊರಟ.

ಮಂಡ್ಯದ ಶಿಬಿರ ಒಂದು ಸಮುದಾಯ ಭವನದಲ್ಲಿತ್ತು. ವನಜಾ ಎಂಬ ಹೆಸರಿನ ಪಟ್ಟಿ ಕತ್ತಿಗೆ ಹಾಕಿಕೊಂಡಿದ್ದ ಹೆಂಗಸು ನಗುನಗುತ್ತಾ ಕೂರಿಸಿ ಅವನ ಆಧಾರ್ ಸಂಖ್ಯೆ ಬರೆದುಕೊಂಡಳು.

"ಒಂಬತ್ತೇ ಪ್ರಶ್ನೆ ಸಾರ್. ಒಂದೊಂದಕ್ಕೆ ಮೂರರವರೆಗೆ ಅಂಕ. ಕಷ್ಟ ಜಾಸ್ತಿ ಇದ್ದಷ್ಟೂ ಅಂಕ ಜಾಸ್ತಿ. ಕಳೆದ ಎರಡು ವಾರದಿಂದ ನಿಮಗೆ ಊಟ ಸರಿಯಾಗಿ ಸೇರ್ತಾ ಇದೆಯಾ?"

"ಊಟ ಸೇರ್ತದೆ ಮೇಡಂ. ಎರಡು ಮುದ್ದೆ." ಸುಳ್ಳು ಹೇಳಬಾರದೆಂದು ಸೇರಿಸಿದ, "ಕೋಳಿ ಇದ್ರೆ ಮೂರು."

"ನಿದ್ದೆ?"

"ತಲೆ ಮಡಗಿದ್ರೆ ಸಾಕು."

ಅವನ ಹಿಂದೆ ಸಾಲಿನಲ್ಲಿದ್ದ ಮುದುಕ ಕಿಸಕ್ಕೆಂದ. ಅದು ಅವರ ಬೀದಿಯ ಕೊನೆಯ ಮನೆಯ ಮರಿಯಯ್ಯ. ಬೀದಿಯಲ್ಲಿ ಯಾರ ಮನೆಯ ಪ್ರೆಷರ್ ಕುಕ್ಕರ್ ಎಷ್ಟು ಸಲ ಕೂಗಿತೆಂದು ಹೇಳಬಲ್ಲ ಮನುಷ್ಯ. ಅವನು ಮುಂದೆ ಬಗ್ಗಿ, "ನಿದ್ದೆ ವಿಷ್ಯ ನಮ್ಮನ್ ಕೇಳವ್ವ. ಇವ್ನ ಗೊರಕೆಗೆ ಬೀದಿಗೆಲ್ಲ ಎಚ್ರ," ಎಂದ.

ಒಂಬತ್ತೂ ಪ್ರಶ್ನೆ ಮುಗಿದವು. ವನಜಾ ಕೂಡಿಸಿದಳು. ಇಪ್ಪತ್ತೇಳಕ್ಕೆ ಎರಡು. ಆ ಎರಡೂ ‘ಸಿಡಿಮಿಡಿ’ ಎಂಬ ಕಡೆ ಬಂದಿದ್ದವು.

"ಹತ್ತಾದ್ರೂ ಬಂದಿದ್ರೆ ಸೇರಿಸ್ಕೋಬಹುದಿತ್ತು ಸಾರ್. ಆದ್ರೆ ಬೇಜಾರ್ ಮಾಡ್ಕೋಬೇಡಿ. ಇದು ತುಂಬಾ ಒಳ್ಳೇ ವಿಷಯ! ಬೆಳಗ್ಗೆಯಿಂದ ಇಷ್ಟು ನೆಮ್ಮದಿಯಾಗಿರೋರು ಒಬ್ರೂ ಬಂದಿಲ್ಲ," ಎಂದು ವನಜಾ ಅವನ ಕೈಗೆ ‘ಹೀಗೇ ಸಂತೋಷವಾಗಿರಿ’ ಎಂಬ ಕಾಗದ ಕೊಟ್ಟಳು. ಸೂರ್ಯಕಾಂತಿ ಹೂವಿನ ಚಿತ್ರವಿತ್ತು.

"ಪಾಸಾದ್ಯೇನ್ಲಾ?" ಎಂದ ಮರಿಯಯ್ಯ.

ಸಿದ್ದರಾಮು ಉತ್ತರ ಕೊಡದೆ ಹೊರಗೆ ಬಂದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎರಡು ಅಂಕ ಬಂದಾಗಲೂ ಅವನಿಗೆ ಇಷ್ಟು ಅವಮಾನವಾಗಿರಲಿಲ್ಲ. ಕೆಂಪರಾಜು ಪಾಸಾದ ಪರೀಕ್ಷೆಯಲ್ಲಿ ತಾನು ನಪಾಸು! ಅವನಿಗೆ ಅಷ್ಟು ದುಃಖ ಎಲ್ಲಿಂದ ಬಂತು? ಹೆಂಡತಿಯಿಲ್ಲ, ಮಕ್ಕಳಿಲ್ಲ, ಸೊಸೈಟಿಯ ಅಕ್ಕಿ ತರಲು ಸಾಲಿನಲ್ಲಿ ನಿಲ್ಲುವ ಕೆಲಸವೂ ಇಲ್ಲ. ಯೋಚಿಸಿದಷ್ಟೂ ತನಗೆ ಮೋಸವಾಗಿದೆ ಅನ್ನಿಸಿತು. ಮದ್ದೂರಿನ ಬಸ್ಸು ನಿಂತಿತ್ತು. ಹತ್ತಿಬಿಟ್ಟ.

ಮದ್ದೂರಿನಲ್ಲಿ ಶಿಬಿರ ಒಂದು ಶಾಲೆಯ ಕೊಠಡಿಯಲ್ಲಿ ನಡೆಯುತ್ತಿತ್ತು. ಅಲ್ಲಿ ಆಧಾರ್ ಸಂಖ್ಯೆಯಿಂದ ಹಿಡಿದು ಫಾರಂ ಪೂರ್ತಿ ತಾವೇ ತುಂಬಬೇಕು. ಸಿದ್ದರಾಮು ಬಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದ: ಪ್ರಶ್ನೆ ಓದುತ್ತಾ ಕೂರಬಾರದು. ಓದಿದರೆ ನಿಜ ಬಾಯಿಗೆ ಬರುತ್ತದೆ. ಎಲ್ಲದಕ್ಕೂ ಮೂರು ಮೂರು ಗುರುತು ಹಾಕುತ್ತಾ ಹೋದ. ಪೂರ್ತಿ ಅಂಕ ಬಂದರೆ ಅನುಮಾನ ಬಂದೀತೆಂದು ಒಂದು ಕಡೆ ಮಾತ್ರ ಎರಡು ಹಾಕಿದ. ಇಪ್ಪತ್ತಾರು.

ಫಾರಂ ನೋಡಿದ ಸುಹಾಸ್ ಎಂಬ ತರುಣನ ಮುಖ ಬಿಳಿಚಿಕೊಂಡಿತು. ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಆ ತಿಂಗಳಷ್ಟೇ ಕೆಲಸಕ್ಕೆ ಸೇರಿದ್ದವನು. ಅವನು ಎದ್ದು ಬಂದು ಸಿದ್ದರಾಮುವಿನ ಎರಡೂ ಕೈ ಹಿಡಿದುಕೊಂಡ.

"ಸಾರ್, ನೀವು ಬಂದಿದ್ದು ಬಹಳ ಒಳ್ಳೇದಾಯ್ತು. ನಾನಿದೀನಿ. ಒಬ್ಬರೇ ಎಲ್ಲೂ ಹೋಗ್ಬೇಡಿ."

"ನಂಗೆ ಜಾಗ ಸಿಕ್ತಾ?"

"ಇಪ್ಪತ್ತು ದಾಟಿದ್ರೆ ನಮ್ಮ ಸಂಶೋಧನೆಗೆ ಬರಲ್ಲ ಸಾರ್. ಇದಕ್ಕೆ ತಡ ಮಾಡ್ಬಾರ್ದು. ಈಗಲೇ ಆಸ್ಪತ್ರೆಗೆ ಹೋಗೋಣ. ಮನೆಯವರ ನಂಬರ್ ಕೊಡಿ."

ಸಿದ್ದರಾಮುವಿಗೆ ಬೆವರು ಕಿತ್ತುಕೊಂಡಿತು. ಕೊನೆಯ ಪ್ರಶ್ನೆ ಏನಿತ್ತೆಂದು ಈಗ ಓದಿ ನೋಡಿದ. ಬದುಕಿರುವುದೇ ಬೇಡ ಅನ್ನಿಸುತ್ತದೆಯೇ ಎಂದಿತ್ತು, ಅದಕ್ಕೂ ಮೂರು ಹಾಕಿದ್ದ. ಸುಹಾಸ್ ನೀರು ತರಿಸಿದ. ಮೂತ್ರಕ್ಕೆ ಹೋಗಬೇಕೆಂದರೆ ಬಾಗಿಲ ತನಕ ಬಂದು, "ಚಿಲಕ ಹಾಕ್ಬೇಡಿ ಸಾರ್" ಎಂದು ಹೊರಗೆ ನಿಂತ. ಆಟೋ ಬರುವ ತನಕ ಏನಾದರೂ ತಿನ್ನಿ ಎಂದು ಒತ್ತಾಯ ಮಾಡಿ ಬಿಸಿ ವಡೆಯ ಪೊಟ್ಟಣ ಮುಂದಿಟ್ಟ. ಬೆಳಗ್ಗೆ ಕೋಪದಲ್ಲಿ ಕತ್ತಿನ ತುಂಡು ಬಿಟ್ಟು ಬಂದಿದ್ದ ಹೊಟ್ಟೆ ಅದು. ಸಿದ್ದರಾಮು ಒಂದು ತಿಂದ. ಗರಿಗರಿಯಾಗಿತ್ತು. ಇನ್ನೊಂದು ತಿಂದ. ನಾಲ್ಕನೆಯದಕ್ಕೆ ಚಟ್ನಿ ಕೇಳಿದ.

ಸುಹಾಸ್ ಫಾರಂ ನೋಡಿದ, ಪೊಟ್ಟಣ ನೋಡಿದ. "ಸಾರ್, ಎರಡು ವಾರದಿಂದ ಒಂದು ತುತ್ತೂ ಸೇರ್ತಿಲ್ಲ ಅಂತ ಬರೆದಿದ್ದೀರಿ."

"ಇವತ್ತೇ ಸೇರಿದ್ದು," ಎಂದ ಸಿದ್ದರಾಮು. ಸುಹಾಸ್ ರೆಪ್ಪೆ ಹೊಡೆಯದೆ ನೋಡುತ್ತಲೇ ಇದ್ದ. ಆ ಹುಡುಗನ ಕಣ್ಣಿನಲ್ಲಿದ್ದ ನಿಜವಾದ ಗಾಬರಿ ನೋಡಿ ಸಿದ್ದರಾಮುವಿಗೆ ನಾಚಿಕೆಯಾಯಿತು. "ತಪ್ಪಾಯ್ತು ಕಣಪ್ಪಾ. ಓದ್ದಲೇ ಬರ್ದೆ. ನಂಗೇನೂ ಆಗಿಲ್ಲ, ನನ್ ಮಗಳ್ ಆಣೆಗೂ," ಎಂದು ಕೈಮುಗಿದು, ಕೊನೆಯ ವಡೆ ಕೈಯಲ್ಲಿ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿನ ಕಡೆ ಓಡಿದ. ಸುಹಾಸ್ ಫೋನ್ ಕಿವಿಗಿಟ್ಟುಕೊಂಡು ಗೇಟಿನ ತನಕ ಅಟ್ಟಿಸಿಕೊಂಡು ಬಂದ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಬೇರೆ ಯಾರಾದರೂ ನಿಲ್ಲಿಸುತ್ತಿದ್ದರು. ಆದರೆ ಮಂಡ್ಯದ ಬಸ್ಸು ಹತ್ತಲು ಹೊರಟವನಿಗೆ ಫ್ಯಾನಿನ ಕೆಳಗೆ ಅಂಗಿಯ ಕಾಲರು ಹಾರಿಸುತ್ತಾ ಕೂತ ಕೆಂಪರಾಜು ಕಣ್ಣ ಮುಂದೆ ಬಂದ. ಅವನ ಪಕ್ಕದಲ್ಲಿ ಸ್ಟೀಲ್ ಡಬ್ಬಿಯೂ ಇತ್ತು. ಎರಡು ಅಂಕ ಬಂದರೆ ಬೇಡ, ಇಪ್ಪತ್ತಾರು ಬಂದರೂ ಬೇಡ. ನಡುವೆ ಎಲ್ಲೋ ಕೆಂಪರಾಜು ಕೂತಿದ್ದಾನೆ. ಅಲ್ಲಿಗೆ ಹೋಗುವುದು ಹೇಗೆಂದು ತಿಳಿದರೆ ಸಾಕು. ಸಿದ್ದರಾಮು ಮಳವಳ್ಳಿ ಬಸ್ಸು ಹತ್ತಿದ.

ಮಳವಳ್ಳಿಯ ಕಲ್ಯಾಣ ಮಂಟಪ ತಲುಪಿದಾಗ ಮೂರೂವರೆ. ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಅರವತ್ತರ ಹತ್ತಿರದ ಹೆಂಗಸೊಬ್ಬಳು ಫಾರಂ ಹಿಡಿದು ಕೂತಿದ್ದಳು. ಬೆಳಕವಾಡಿಯ ಮಂಚಮ್ಮ. ಓದಲು ಕನ್ನಡಕ ತಂದಿಲ್ಲ, ನೀನೇ ಓದಿ ಗುರುತು ಹಾಕಿಕೊಡು ಮಗ ಎಂದಳು.

"ಎರಡ್ ವಾರದಿಂದ ಊಟ ಸೇರ್ತದಾ ಅಂತ ಕೇಳವ್ರೆ, ಅಮ್ಮ."

"ಉಣ್ತೀನಿ ಕಣಪ್ಪ. ಆದ್ರೆ ಏನ್ ಉಂಡೆ ಅಂತ ಕೇಳುದ್ರೆ ಗೊತ್ತಾಗಕಿಲ್ಲ. ನನ್ ತಂಗಿ ತೀರ್ಕಂಡ್ಮೇಲೆ ಇಂಗಾಯ್ತು. ದಿನಾ ಸಾಯಂಕಾಲ ಪೋನ್ ಮಾಡೋಳು, ಸಾರೇನಕ್ಕ ಅಂತ ಕೇಳೋಳು. ಈಗ ಸಾರು ಮಾಡ್ತೀನಿ, ಯೋಳೋಕೆ ಯಾರೂ ಇಲ್ಲ."

ಸಿದ್ದರಾಮು ಗುರುತು ಹಾಕಿದ. ಮುಂದಿನ ಪ್ರಶ್ನೆ ಓದಿದ.

"ನಿದ್ದೆ ಬತ್ತದೆ. ಬೆಳಿಗ್ಗೆ ಏಳಕ್ಕೇ ಆಗಕಿಲ್ಲ. ಬಾಚಣಿಗೆ ಕೈಲಿಡ್ಕಂಡು ಸುಮ್ನೆ ಕುಂತ್ಕತೀನಿ. ನಾಕ್ ಮನೆ ಆಚೆ ಓಗ್ಬೇಕು ಅಂದ್ರೂ ಎದೆ ಡವಡವ ಅಂತದೆ. ಮಗ, ಇದು ಕಾಯ್ಲೆನಾ, ಸೋಮಾರಿತನಾನಾ? ನನ್ ಸೊಸೆ ಸೋಮಾರಿತನ ಅಂತಾಳೆ."

"ಕಾಯ್ಲೆ ಕಣಮ್ಮ," ಎಂದ ಸಿದ್ದರಾಮು. ಅದೊಂದು ಮಾತನ್ನು ಅವನು ಆ ದಿನ ಪೂರ್ತಿ ನಂಬಿ ಹೇಳಿದ.

ಒಂಬತ್ತು ಪ್ರಶ್ನೆಗೆ ಮುಕ್ಕಾಲು ಗಂಟೆಯಾಯಿತು. ಮಂಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಡುವೆ ಬಾಯಾಕ್ದೆ ಕೇಳುಸ್ಕಂಡೆ ನೋಡು, ಎದೆ ಒಸಿ ಅಗುರಾಯ್ತು" ಎಂದಳು. ಸಿದ್ದರಾಮು ಅವಳ ಫಾರಂ ಕೂಡಿಸಿ ನೋಡಿದ. ಹದಿನಾಲ್ಕು. ಎಷ್ಟು ಚೆನ್ನಾಗಿ ನಡುವೆ ಬಂದಿದೆ ಎಂದು ಅವನಿಗೆ ಹೊಟ್ಟೆ ಉರಿಯಿತು. ಹಾಗೆ ಉರಿದುದಕ್ಕೆ ಮರುಕ್ಷಣವೇ ತನ್ನ ಮೇಲೆ ಅಸಹ್ಯವೂ ಆಯಿತು. ಆದರೂ ಕೈ ನಿಲ್ಲಲಿಲ್ಲ. ಅವಳ ಒಂಬತ್ತು ಗುರುತುಗಳನ್ನೂ ತನ್ನ ಫಾರಮಿಗೆ ಹಾಗೇ ಇಳಿಸಿಕೊಂಡ. ಶಾಲೆಯಲ್ಲಿ ಕಾಪಿ ಹೊಡೆಯುವಾಗಲೂ ಅವನು ಒಂದೆರಡು ಕಡೆ ಬದಲಾಯಿಸುತ್ತಿದ್ದ.

ಒಳಗೆ ಕೂತಿದ್ದವರು ಈ ಸಂಶೋಧನೆಯ ಮುಖ್ಯಸ್ಥೆ, ಡಾಕ್ಟರ್ ಪ್ರಿಯಂವದಾ. ನರೆತ ಕೂದಲು, ಹತ್ತಿ ಸೀರೆ. ಫಾರಮಿನ ಮೇಲೆ ಕಣ್ಣಾಡಿಸಿ, "ಹದಿನಾಲ್ಕು" ಎಂದರು. ಸಿದ್ದರಾಮುವಿಗೆ ರ‍್ಯಾಂಕು ಬಂದಷ್ಟು ಸಂತೋಷವಾಯಿತು. ಅದು ಮುಖದಲ್ಲಿ ಕಾಣಬಾರದೆಂದು ತಲೆ ತಗ್ಗಿಸಿದ.

ಪ್ರಿಯಂವದಾ ಪೆನ್ನು ಕೆಳಗಿಟ್ಟರು. "ಈ ಅಂಕ ಎಲ್ಲ ಇರಲಿ. ನೀವು ಹೇಗಿದ್ದೀರಿ?"

ಕೇಳಿ ಸುಮ್ಮನೆ ಕಾದರು. ಗಡಿಯಾರ ನೋಡಲಿಲ್ಲ, ಫೋನ್ ನೋಡಲಿಲ್ಲ. ಸಿದ್ದರಾಮು ಒಂಬತ್ತು ಪ್ರಶ್ನೆಗೆ ತಯಾರಾಗಿ ಬಂದಿದ್ದ. ಈ ಹತ್ತನೆಯದಕ್ಕೆ ಕಾಪಿ ಹೊಡೆದ ಉತ್ತರ ಇರಲಿಲ್ಲ. ಅವನಿಗೇ ಆಶ್ಚರ್ಯವಾಗುವಂತೆ ಅಳು ಬಂತು. ಅದು ಎಲ್ಲಿಂದಲೂ ಇಳಿಸಿಕೊಂಡದ್ದಲ್ಲ, ಅವನದೇ ಅಳು.

"ಮೇಡಂ, ನಂಗೆ ಒಟ್ಟೆಕಿಚ್ಚು. ನನ್ ಪರಿಚಯದೋನು ಒಬ್ಬ ಅವ್ನೆ. ಅವ್ನಿಗೆ ಮನ್ಸು ಸರಿಯಿಲ್ಲ ಅಂತ ಎಲ್ರೂ ಅವ್ನ ಎಂಗಿದ್ದೀಯ ಎಂಗಿದ್ದೀಯ ಅಂತಾರೆ. ನನ್ನ ಒಬ್ರೂ ಕೇಳಕಿಲ್ಲ. ಅವ್ನ ಸುಖ ನೋಡಿ ಉರ್ಕೊಂಡ್ರೆ ಒಂದರ್ಥ ಐತೆ. ನಾನು ಅವ್ನ ಕಷ್ಟ ನೋಡಿ ಉರ್ಕೋತಾ ಇವ್ನಿ. ಇದೂ ಒಂದ್ ಬದುಕಾ ಮೇಡಂ?"

ಪ್ರಿಯಂವದಾ ಪೂರ್ತಿ ಕೇಳಿದರು. ಸಿದ್ದರಾಮು ಒಂದರ ಹಿಂದೆ ಒಂದು ಏಳು ವಾಕ್ಯ ಮುಗಿಸಿದ. ಕೊನೆಗೆ ಅವರು ಒಂದು ಸಾಲು ಬರೆದುಕೊಂಡು, ವಿವರಿಸಿದರು. ಕೆಲವರು ತಮ್ಮ ಬಳಿ, ಅಂದರೆ ಡಾಕ್ಟರರ ಬಳಿ ಬಂದು ಮಾತಾಡುತ್ತಾರೆ. ಇನ್ನು ಕೆಲವರ ಮನೆಗೆ, ಇದಕ್ಕೆಂದೇ ತರಬೇತಿ ಪಡೆದವರು ಹೋಗಿ ಮಾತಾಡುತ್ತಾರೆ. ಯಾವುದರಿಂದ ಮನಸ್ಸು ಬೇಗ ಚೇತರಿಸಿಕೊಳ್ಳುತ್ತದೆ ಎಂದು ತಿಳಿಯುವುದೇ ಸಂಶೋಧನೆ. ಯಾರಿಗೆ ಯಾವುದೆಂದು ಕಂಪ್ಯೂಟರೇ ಚೀಟಿ ಎತ್ತುತ್ತದೆ, ಬದಲಾಯಿಸುವ ಹಾಗಿಲ್ಲ.

ಕಂಪ್ಯೂಟರ್ ಮಂಚಮ್ಮನಿಗೆ ಡಾಕ್ಟರನ್ನು ಕೊಟ್ಟಿತು. ಸಿದ್ದರಾಮುವಿಗೆ ಮನೆಯ ಭೇಟಿ ಬಂತು. ಹೊಟ್ಟೆ ಇನ್ನೊಮ್ಮೆ ಉರಿಯಲು ಶುರುವಾಗುವಷ್ಟರಲ್ಲಿ ಅವನಿಗೆ ಹೊಳೆಯಿತು: ಕೆಂಪರಾಜು ಬಿಸಿಲಿನಲ್ಲಿ ಬೆವರು ಸುರಿಸಿಕೊಂಡು ಕೇಂದ್ರಕ್ಕೆ ಹೋಗಬೇಕು. ತನ್ನ ಮನೆಗೆ ಅವರೇ ಬರುತ್ತಾರೆ! ಇಡೀ ಬೀದಿ ನೋಡುತ್ತದೆ. ಮರಿಯಯ್ಯನೂ ನೋಡುತ್ತಾನೆ.

"ಬಡಾವಣೆ ನೋಡಿ ಮಂಡ್ಯದ ಕೇಂದ್ರದವರು ಒಬ್ಬರನ್ನ ಕಳಿಸ್ತಾರೆ. ಇವತ್ತೇ ಸಂಜೆ ಬಂದು ಪರಿಚಯ ಮಾಡ್ಕೋತಾರೆ," ಎಂದರು ಪ್ರಿಯಂವದಾ.

ಏಳು ಗಂಟೆಗೆ ಮನೆಗೆ ಬಂದ ಸಿದ್ದರಾಮು ಚಪ್ಪಲಿ ಬಿಡುವ ಮುಂಚೆಯೇ ಘೋಷಿಸಿದ, "ನಂಗೂ ಮನ್ಸು ಸರಿ ಇಲ್ಲ. ಡಾಕ್ಟ್ರೇ ಯೋಳವ್ರೆ. ನನ್ನ ಮಾತಾಡ್ಸೋಕೆ ಮನೆಗೇ ಬತ್ತಾರೆ."

ನಾಗರತ್ನ ಜಗಳಕ್ಕೆ ಬಾಯಿ ತೆರೆದವಳು ಗಂಡನ ಕಣ್ಣು ನೋಡಿದಳು. ಅತ್ತು ಕೆಂಪಾಗಿತ್ತು.

"ಅಯ್ಯೋ, ಒಂದ್ ಮಾತು ಯೋಳ್ಬಾರ್ದಾ? ನಾನು ಬೆಳಿಗ್ಗೆ ಏನೇನೋ ಅಂದ್ಬುಟ್ಟೆ," ಎಂದು ಕುರ್ಚಿ ಎಳೆದು ಕೂರಿಸಿದಳು. ಹಣೆ ಮುಟ್ಟಿ ನೋಡಿದಳು, ಜ್ವರದ ಹಾಗೆ. ಮಗಳು ಪುಸ್ತಕ ಮುಚ್ಚಿ ಎದ್ದು ಬಂದು, "ಅಪ್ಪ, ನನ್ ಪಾಲಿನ ಕಾಲು ರಾತ್ರಿಗೆ ಅಂತ ಇಟ್ಟಿದ್ದೆ. ನೀನೇ ತಿನ್ನಪ್ಪ," ಎಂದಳು. ಬಿಸಿ ಮುದ್ದೆ ಬಂತು, ಸಾರು ಬಂತು, ಸಾರಿನ ನಡುವೆ ಆರು ವಾರ ಕಾಣದಿದ್ದ ಕೋಳಿ ಕಾಲು ಬಂತು. ಸಿದ್ದರಾಮುವಿಗೆ ಇನ್ನು ಯಾವ ಚಿಕಿತ್ಸೆಯೂ ಬೇಡವೆನ್ನಿಸಿತು. ಕಾಲಿಗೆ ಕೈ ಹಾಕಿದ.

ಬೆಲ್ಲು ಹೊಡೆಯಿತು.

ಬಾಗಿಲಲ್ಲಿ ಇಸ್ತ್ರಿ ಅಂಗಿಯ ಕೆಂಪರಾಜು ನಿಂತಿದ್ದ. ಕತ್ತಿನಲ್ಲಿ ಗುರುತಿನ ಚೀಟಿ, ಹೆಗಲಲ್ಲಿ ಹೊಸ ನೀಲಿ ಬ್ಯಾಗು, ಒಂದು ಕೈಯಲ್ಲಿ ತೊಳೆದ ಸ್ಟೀಲ್ ಡಬ್ಬಿ.

"ಡಬ್ಬಿ ಕೊಡಕ್ ಬಂದ್ಯಾ? ಅಲ್ಲೇ ಮಡಗಿ ಓಗ್ಲಾ. ನಮ್ಮನೇಗೆ ಸಂಶೋಧನೆಯೋರು ಬತ್ತಾರೆ," ಎಂದ ಸಿದ್ದರಾಮು.

"ಬಂದಿವ್ನಲ್ಲ ಕಣ್ಲಾ," ಎಂದ ಕೆಂಪರಾಜು.

ಸಿದ್ದರಾಮು ಗುರುತಿನ ಚೀಟಿಯನ್ನು ಕಣ್ಣು ಕಿರಿದು ಮಾಡಿ ಓದಿದ. ‘ಕೆಂಪರಾಜು. ತರಬೇತಿ ಪಡೆದ ಆಪ್ತ ಸಂವಾದಕ. ಗುತ್ತಲು.’

"ಅಂಗಾರೆ ನಿಂಗೆ ಕಾಯ್ಲೆ..."

"ನಂಗೇನಾಗೈತೆ? ಮನೇಲಿ ಒಬ್ನೇ ಇರ್ತೀನಿ, ನಾಕು ಜನಕ್ಕೆ ಉಪಯೋಗ ಆಗ್ಲಿ ಅಂತ ಸೇರ್ಕಂಡೆ. ಆರು ಬುಧವಾರ ಟ್ರೈನಿಂಗು. ಮೊನ್ನೆ ಮುಗೀತು."

"ಮತ್ತೆ ಯೋಳ್ಬಾರ್ದೇನ್ಲಾ!"

"ಯಾರ್ ಕೇಳುದ್ರು?" ಕೆಂಪರಾಜು ಬೇಸರವಿಲ್ಲದೆ ಹೇಳಿದ. "ಫ್ಯಾನ್ ಕೊಟ್ರು, ಕೋಳಿ ಕೊಟ್ರು. ಯಾಕೆ ಓಗ್ತಾ ಇದ್ದೀಯ ಅಂತ ಒಬ್ರೂ ಕೇಳ್ನಿಲ್ಲ. ನಾನೇ ಯೋಳಾನ ಅಂತ ಎರಡ್ ಸಲ ಬಾಯ್ ತೆಗ್ದೆ. ನಾಗರತ್ನಕ್ಕನ ಸಾರು ಬಾಯಲ್ಲಿತ್ತು."

ನಾಗರತ್ನಳ ಮುಖದಲ್ಲಿದ್ದ ಕನಿಕರ ಕಣ್ಣೆದುರೇ ಭಕ್ತಿಯಾಯಿತು. "ಅಂದ್ರೆ ನೀವೇ ಇವ್ರ ಮನ್ಸು ಸರಿ ಮಾಡೋರಾ? ಬನ್ನಿ ಬನ್ನಿ ಕೆಂಪರಾಜಣ್ಣ, ಕುಂತ್ಕಳಿ. ಮನೆಗೆ ಬಂದ ಡಾಕ್ಟ್ರು ಬರೀ ಕೈಲಿ ಓದ್ರೆ ನಮ್ಗೆ ಒಳ್ಳೇದಾಯ್ತದಾ?" ಎಂದು ಇನ್ನೊಂದು ತಟ್ಟೆ ಇಟ್ಟಳು. ಪಾತ್ರೆಯೊಳಗೆ ಸೌಟು ತಿರುವಿದಳು. ಕತ್ತಿನ ತುಂಡು ಮಾತ್ರ ಸಿಕ್ಕಿತು. ಒಂದು ಗಳಿಗೆ ಯೋಚಿಸಿದಳು. ಆಮೇಲೆ ಗಂಡನ ತಟ್ಟೆಯಿಂದ ಕಾಲನ್ನು ಎತ್ತಿ ಕೆಂಪರಾಜುವಿನ ತಟ್ಟೆಗೆ ಹಾಕಿದಳು. "ನೀವಿನ್ನೂ ಎಂಜಲು ಮಾಡಿಲ್ಲ ಬುಡಿ," ಎಂದು ಗಂಡನಿಗೆ ಸಮಾಧಾನ ಹೇಳಿ, ಗುಟ್ಟಿನ ಮಾತಿಗೆ ಅಡ್ಡಿಯಾಗಬಾರದೆಂದು ಮಗಳನ್ನು ಕರೆದುಕೊಂಡು ಅಡುಗೆಮನೆಗೆ ಹೋಗಿ, ಬಾಗಿಲ ಹಿಂದೆಯೇ ನಿಂತಳು.

ಕೆಂಪರಾಜು ಫೈಲು ತೆಗೆದು ದನಿ ತಗ್ಗಿಸಿದ. "ಮೇಡಂ ಪೋನ್ ಮಾಡಿದ್ರು. ಬೆಳಿಗ್ಗೆ ಎರಡು, ಮಧ್ಯಾಹ್ನ ಇಪ್ಪತ್ತಾರು, ಸಾಯಂಕಾಲ ಹದಿನಾಲ್ಕು. ಆಧಾರ್ ನಂಬರ್ ಒಂದೇ. ಇಂಥದ್ದನ್ನ ಅವ್ರು ಇಷ್ಟು ವರ್ಷದಲ್ಲಿ ನೋಡಿಲ್ವಂತೆ. ಸಂಶೋಧನೆಯಿಂದ ನಿನ್ ಹೆಸ್ರು ತೆಗೆದಾಕವ್ರೆ."

"ಅಂಗಾರೆ ಬುಧವಾರ ರಜ?"

"ಇಲ್ಲ."

"ಮತ್ತೆ ನೀನ್ಯಾಕೆ ಬಂದೆ?"

"ಆ ಮನುಷ್ಯ ನಿಜವಾಗ್ಲೂ ಅತ್ರು, ಕೈ ಬಿಡ್ಬೇಡಿ ಅಂದ್ರು ಮೇಡಂ. ಎಲ್ರಿಗೂ ಎಂಟು ವಾರ, ನಿಂಗೆ ಹದಿನಾರು. ಭಾನುವಾರ ಸಾಯಂಕಾಲ, ಇಲ್ಲೇ."

"ಹದಿನಾರು ಭಾನುವಾರವೂ ಇಲ್ಲೇ ಊಟ, ಕೆಂಪರಾಜಣ್ಣ!" ಎಂದು ಬಾಗಿಲ ಹಿಂದಿನಿಂದ ನಾಗರತ್ನ ಕೂಗಿದಳು.

ಸಿದ್ದರಾಮು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹದಿನಾರು ಕೋಳಿ, ಹದಿನಾರು ಕಾಲು.

ಕೆಂಪರಾಜು ಫೈಲಿನ ಮೊದಲ ಸಾಲಿನ ಮೇಲೆ ಬೆರಳಿಟ್ಟ. "ಇಲ್ಲಿ ಬರ್ದವ್ರೆ, ಯಾರೋ ಪರಿಚಯದೋನ ಮೇಲೆ ನಿಂಗೆ ಒಟ್ಟೆಕಿಚ್ಚಂತೆ. ಯಾರ್ಲಾ ಅವ್ನು? ಯೋಳು, ನಂತಾವೇ ಇರ್ತದೆ. ಯಾರ್ಗೂ ಬುಟ್ಕೊಡಕಿಲ್ಲ."

ಸಿದ್ದರಾಮು ಮುದ್ದೆ ಮುರಿದು ಬರೀ ಸಾರಿಗೆ ಅದ್ದಿದ. ಕೆಂಪರಾಜು ನಡುವೆ ಬಾಯಿ ಹಾಕದೆ, ತರಬೇತಿಯಲ್ಲಿ ಕಲಿಸಿದ ಹಾಗೆ ತಾಳ್ಮೆಯಿಂದ ಕಾದ. ಅವನ ಮುಖದಲ್ಲಿ ನಿಜವಾದ ಕಾಳಜಿಯಿತ್ತು, ಅದೇ ಸಹಿಸಲಾಗದ್ದು.

"ಇರ್ಲಿ, ನಿಧಾನಕ್ಕೆ ಯೋಳು. ಹದಿನಾರು ವಾರ ಐತೆ," ಎಂದು ಕೆಂಪರಾಜು ಬೆನ್ನು ನೇರ ಮಾಡಿ ಕೂತ. ಕೇಂದ್ರದವರು ಹೇಳಿಕೊಟ್ಟಂತೆ ಬಹುವಚನಕ್ಕೆ ಬಂದ. ಎಡಗೈಯಲ್ಲಿ ಪೆನ್ನು ಹಿಡಿದುಕೊಂಡು, ಬಲಗೈಯಲ್ಲಿ ಕೋಳಿ ಕಾಲು ಎತ್ತಿ ಒಂದು ಸಲ ಕಚ್ಚಿ, ಚೆನ್ನಾಗಿ ಅಗಿದು ನುಂಗಿ, ಮೊದಲ ಪ್ರಶ್ನೆ ಓದಿದ:

"ಕಳೆದ ಎರಡು ವಾರದಿಂದ ನಿಮಗೆ ಊಟ ಸರಿಯಾಗಿ ಸೇರುತ್ತಿದೆಯೇ?"